ನಿಮಗಿದು ಗೊತ್ತೆ? ಸ್ವಂತ ಅಂಗಳದ ಮರಕ್ಕೂ ಕಾನೂನಿನ ಕಾವಲು

ಬೆಂಗಳೂರಿನಲ್ಲಿ ಮರ ನಿಮ್ಮ ಸ್ವಂತ ಸೈಟಿನಲ್ಲೇ ಇದ್ದರೂ ಮನಸ್ಸಿಗೆ ಬಂದಂತೆ ಕಡಿಯುವಂತಿಲ್ಲ. ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕೇ ಬೇಕು. ಗರಗಸ ಹಾಕಿದರೆ ಮಾತ್ರ ತಪ್ಪು ಎಂದುಕೊಳ್ಳಬೇಡಿ. ಬುಡದ ಸುತ್ತ ತೊಗಟೆ ಸುಲಿಯುವುದು, ಬೆಂಕಿ ಇಡುವುದು, ವಿಷ ಹಾಕಿ ಒಣಗಿಸುವುದು ಕೂಡ ಕಾಯ್ದೆಯ ಪ್ರಕಾರ ಮರ ಕಡಿದಂತೆಯೇ. ಒಂದೇ ಕಡೆ 50ಕ್ಕಿಂತ ಹೆಚ್ಚು ಮರ ಉರುಳಿಸುವ ಯೋಜನೆಯಾದರೆ ಸಾರ್ವಜನಿಕರ ಆಕ್ಷೇಪಣೆ ಆಲಿಸಲೇಬೇಕು. ನಾಗರಿಕರು ಕೈಬಿಡಬಾರದ ಹಕ್ಕು ಇದು!

ನೆನಪಿಗಾಗಿ ಸಸಿ ನೆಡುವ ಪದ್ಧತಿಯೂ ಈ ಊರಿಗೆ ಹಳೆಯದು. 1961ರಲ್ಲಿ ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಲಾಲ್‌ಬಾಗ್‌ನಲ್ಲಿ ಸಸಿ ನೆಟ್ಟಿದ್ದರು. ಹಿರಿಯರ ಹೆಸರಿನಲ್ಲಿ ರಸ್ತೆಬದಿ ಗಿಡ ನೆಡುವವರು ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ, ಬುಡಕ್ಕೆ ಕಾಂಕ್ರೀಟ್ ತಾಗದಂತೆ ಮಣ್ಣು ಬಿಡಿಸಿ.