ಕುದಿಯುವ ಬುಗ್ಗೆಗೆ ದಾರ ಇಳಿಬಿಟ್ಟವರು

ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಗೆಂದು ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಥಾಮಸ್ ಬ್ರಾಕ್ ಅವರಿಗೆ ಸ್ವಲ್ಪ ಋಣಿಗಳೇ. ಹೆಸರು ಕೇಳಿದವರು ಮಾತ್ರ ಕಡಿಮೆ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಹೇಳುತ್ತಿದ್ದ ಬ್ರಾಕ್, 1964ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಮೊದಲ ಸಲ ಹೋದದ್ದು ಪ್ರವಾಸಿಯಾಗಿ. ಬಿಸಿನೀರ ಬುಗ್ಗೆಗಳಿಂದ ಹರಿದು ಬರುವ ಕಾಲುವೆಗಳಲ್ಲಿ ಹಳದಿ, ಕಿತ್ತಳೆ, ಹಸಿರು ಲೋಳೆ ಪಟ್ಟೆಪಟ್ಟೆಯಾಗಿ ಹಬ್ಬಿತ್ತು. ನೀರು ತಣಿದ ಹಾಗೆ ಬಣ್ಣವೂ ಬದಲಾಗುತ್ತಿತ್ತು. ಎಲ್ಲರೂ ಫೋಟೊ ತೆಗೆದುಕೊಂಡು ಹೋಗುವ ಜಾಗಕ್ಕೆ ಬ್ರಾಕ್ ಮತ್ತೆ ಮತ್ತೆ ಬಂದರು.

ಅವರ ಉಪಾಯವೊಂದು ನನಗೆ ಬಹಳ ಇಷ್ಟ. ಗಾಜಿನ ಸ್ಲೈಡಿಗೆ ದಾರ ಕಟ್ಟಿ ಕುದಿಯುವ ಬುಗ್ಗೆಯೊಳಗೆ ಇಳಿಬಿಡುವುದು, ಕೆಲವು ದಿನ ಬಿಟ್ಟು ಎತ್ತಿ ನೋಡುವುದು. ಅಷ್ಟೇ. ಎತ್ತರದ ಪ್ರದೇಶವಾದ್ದರಿಂದ ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಅಂಥ ನೀರಿನಿಂದ ಮೇಲೆ ಬಂದ ಗಾಜಿನ ಮೇಲೆ ಬ್ಯಾಕ್ಟೀರಿಯಾ ಬೆಳೆದಿರುತ್ತಿತ್ತು, ಕೆಲವೊಮ್ಮೆ ಬರಿಗಣ್ಣಿಗೇ ಕಾಣುವಷ್ಟು.

1966ರಲ್ಲಿ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್, ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯ ಮಾದರಿಯಿಂದ ಒಂದು ಹೊಸ ಬ್ಯಾಕ್ಟೀರಿಯಾ ಬೆಳೆಸಿದರು. ಅದುವರೆಗೆ ಉಷ್ಣಪ್ರಿಯ ಜೀವಿಗಳನ್ನು ಹುಡುಕುತ್ತಿದ್ದವರು ಸಾಮಾನ್ಯವಾಗಿ 55 ಡಿಗ್ರಿಯಲ್ಲಿ ಕೃಷಿ ಮಾಡುತ್ತಿದ್ದರು. ಇವರಿಬ್ಬರೂ 70 ದಾಟಿಸಿದರು. ಆ ಜೀವಿಗೆ ಬೇಕಿದ್ದದ್ದೇ ಅಷ್ಟು ಬಿಸಿ! 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು, ಯಾರು ಬೇಕಾದರೂ ತರಿಸಿಕೊಳ್ಳಲೆಂದು ಅಮೆರಿಕದ ಜೀವಾಣು ಸಂಗ್ರಹಾಲಯಕ್ಕೆ ಕೊಟ್ಟರು.

1983ರಲ್ಲಿ ಕ್ಯಾರಿ ಮುಲ್ಲಿಸ್ ಡಿಎನ್‌ಎ ನಕಲು ಮಾಡುವ ಪಿಸಿಆರ್ ವಿಧಾನವನ್ನು ರೂಪಿಸಿದಾಗ ಒಂದು ತೊಡಕಿತ್ತು. ಡಿಎನ್‌ಎ ಎಳೆಗಳನ್ನು ಬಿಡಿಸಲು ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿಗೆ ನಕಲು ಮಾಡುವ ಕಿಣ್ವವೇ ಕೆಟ್ಟುಹೋಗುತ್ತಿತ್ತು. ಸುತ್ತಿಗೊಮ್ಮೆ ಹೊಸದಾಗಿ ಹಾಕುತ್ತಾ ಕೂರಬೇಕು. ಬಿಸಿಗೆ ಬಗ್ಗದ ಟಾಕ್ ಕಿಣ್ವ ಯೆಲ್ಲೋಸ್ಟೋನಿನ ಈ ಬ್ಯಾಕ್ಟೀರಿಯಾದಿಂದ ಬಂತು, ಕೆಲಸ ಯಂತ್ರದ ಪಾಲಾಯಿತು.

ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಸಿಕ್ಕಿತು. ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾದವು. ಬ್ರಾಕ್‌ಗೂ ಉದ್ಯಾನಕ್ಕೂ ಅದರಲ್ಲಿ ಬಿಡಿಗಾಸಿಲ್ಲ. ಉದ್ಯಾನದ ವಿಷಯದಲ್ಲಾದರೂ ಇದು ಅನ್ಯಾಯವೇ ಎನ್ನಬೇಕು. ಬ್ರಾಕ್ ಅಷ್ಟರಲ್ಲಾಗಲೇ ವಿಸ್ಕಾನ್ಸಿನ್ ಸೇರಿ, ಸರೋವರಗಳ ಅಧ್ಯಯನಕ್ಕೆ ಇಳಿದಿದ್ದರು. 2021ರಲ್ಲಿ ತೀರಿಕೊಂಡರು. ಅವರು ಶುರುಮಾಡಿದ ಸೂಕ್ಷ್ಮಜೀವಿ ಶಾಸ್ತ್ರದ ಪಠ್ಯಪುಸ್ತಕವನ್ನು ವಿದ್ಯಾರ್ಥಿಗಳು ಈಗಲೂ ‘ಬ್ರಾಕ್’ ಎಂದೇ ಕರೆಯುತ್ತಾರೆ.