ನಿಧಿ ಹುಡುಕಿ ಬಂದಿರಾ? ಉಣುಗು ಹುಡುಕಿ!

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೀರಿ ಎನ್ನಿ. ಭಾನುವಾರ ಮೊಮ್ಮಕ್ಕಳು ‘ಜಿಯೋಕ್ಯಾಚಿಂಗ್’ಗೆ ಕರೆಯುತ್ತಾರೆ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಈ ಆಟ ಶುರುವಾದದ್ದು 2000ದಲ್ಲಿ, ಆರೆಗನ್ ರಾಜ್ಯದಲ್ಲಿ. ನಡಿಗೆಗೆ ಒಳ್ಳೆಯ ನೆಪ, ಹೋಗಿ ಬನ್ನಿ.

ಡಬ್ಬಿ ಇರುವುದು ಹಳೆಯ ಡ್ರೈವ್-ಇನ್ ಚಿತ್ರಮಂದಿರದ ಬಯಲಿನಲ್ಲಾದರೆ ತುಸು ಎಚ್ಚರ ಬೇಕು. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಇಂಥ ಬಯಲು ಮೊದಲು ತೆರೆದದ್ದು 1933ರಲ್ಲಿ, ನ್ಯೂಜೆರ್ಸಿಯಲ್ಲಿ. ಮುಚ್ಚಿಹೋದ ಹಲವೆಡೆ ಈಗ ಎತ್ತರದ ಹುಲ್ಲು, ಪೊದೆ. ಜಿಂಕೆ, ಇಲಿಗಳ ಜತೆ ಉಣುಗೂ ಅಲ್ಲಿ ಬೀಡುಬಿಡುತ್ತದೆ.

ಮಂಗನ ಕಾಯಿಲೆ ಹರಡುವ ಉಣುಗು ಮಲೆನಾಡಿನವರಿಗೆ ಗೊತ್ತು. ಅಮೆರಿಕದ ಈಶಾನ್ಯ ಭಾಗದಲ್ಲಿ ಕಪ್ಪುಕಾಲಿನ ಉಣುಗು ಹರಡುವುದು ಲೈಮ್ ಕಾಯಿಲೆ. ಇದರ ಮರಿ ಗಸಗಸೆ ಕಾಳಿನಷ್ಟೇ, ಕಚ್ಚಿದ್ದೂ ತಿಳಿಯದು.

ತುಂಬುತೋಳಿನ ಅಂಗಿ ತೊಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದೊಡನೆ ಸ್ನಾನ ಮಾಡಿ. ಕಂಕುಳು, ಕಿವಿಯ ಹಿಂಭಾಗ, ಮಂಡಿಯ ಸಂದು, ತಲೆಗೂದಲು ಪರೀಕ್ಷಿಸಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಚ್ಚಬೇಡಿ, ಬೆಂಕಿ ತಾಗಿಸಬೇಡಿ. ಚೂಪು ತುದಿಯ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. 24 ಗಂಟೆಯೊಳಗೆ ಕಿತ್ತರೆ ಲೈಮ್ ತಗಲುವ ಸಂಭವ ತೀರ ಕಡಿಮೆ.

ಮುಂದಿನ 30 ದಿನಗಳಲ್ಲಿ ಜ್ವರ ಬಂದರೆ ಅಥವಾ ಮೈಮೇಲೆ ಕೆಂಪು ಕಲೆ ಅಗಲವಾಗುತ್ತ ಹೋದರೆ ವೈದ್ಯರನ್ನು ಕಾಣಿ. ಅಷ್ಟರಲ್ಲಿ ಊರಿಗೆ ಮರಳಿದ್ದರೆ, ಅಲ್ಲಿ ಪೊದೆಗಳಲ್ಲಿ ಓಡಾಡಿದ್ದನ್ನು ಮರೆಯದೆ ಹೇಳಿ. ನಮ್ಮಲ್ಲಿ ಅಪರೂಪವಾದ ಈ ಕಾಯಿಲೆಯ ನೆನಪು ವೈದ್ಯರಿಗೆ ಬರಲು ಆ ಒಂದು ಮಾತು ಬೇಕು. ಬೇಗ ಗುರುತಿಸಿದರೆ ಆ್ಯಂಟಿಬಯಾಟಿಕ್ ಔಷಧಿಯಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ.