ಹುಳ ತಿನ್ನುವ ಗಿಡಗಳ ಪತ್ರಿಕೆಯೂ ನಮ್ಮ ಗದ್ದೆಯ ಬದುವೂ

ಒಂದೇ ಬೆಳೆಗೆ ಮೀಸಲಾದ ಪತ್ರಿಕೆ ನಮ್ಮ ರೈತ ಬಾಂಧವರಿಗೆ ಹೊಸದಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯನ್ನು ಮಲೆನಾಡಿನ ತೋಟಿಗರು ಬಲ್ಲರು. ಬೆಳೆಗಾರರೇ ತಮ್ಮ ಅನುಭವವನ್ನು ಬರೆಯುವುದು ಅದರ ವಿಶೇಷ. ಅದಕ್ಕೂ 16 ವರ್ಷ ಮೊದಲು, 1972ರಲ್ಲಿ, ಅಮೆರಿಕದಲ್ಲಿ ಇನ್ನೊಂದು ಪತ್ರಿಕೆ ಹೀಗೆಯೇ ಬೆಳೆಸುವವರ ಕೈಯಿಂದ ಹೊರಟಿತು. ಅದರ ವಿಷಯ ಮಾತ್ರ ವಿಚಿತ್ರವಾದುದು: ಹುಳಹುಪ್ಪಟೆಗಳನ್ನು ಹಿಡಿದು ಅರಗಿಸಿಕೊಳ್ಳುವ ಗಿಡಗಳು. ‘ಕಾರ್ನಿವೋರಸ್ ಪ್ಲಾಂಟ್ ನ್ಯೂಸ್‌ಲೆಟರ್’ ಎಂಬ ಈ ತ್ರೈಮಾಸಿಕವನ್ನು ಡಾನ್ ಷ್ನೆಲ್ ಮತ್ತು ಜೋ ಮಜ್ರಿಮಸ್ ಎಂಬ ಇಬ್ಬರು ಆಸಕ್ತರು ಆರಂಭಿಸಿದರು. ಐವತ್ತು ವರ್ಷ ದಾಟಿದ ಮೇಲೂ ಅದು ನಿಂತಿಲ್ಲ. ಒಂದು ಪುಟದಲ್ಲಿ ಸಸ್ಯಶಾಸ್ತ್ರಜ್ಞರು ಹೊಸ ಜಾತಿಯನ್ನು ವರ್ಣಿಸಿದರೆ ಮುಂದಿನ ಪುಟದಲ್ಲಿ ಮನೆಯ ಕಿಟಕಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರು ತಮ್ಮ ಗಿಡ ಏಕೆ ಸತ್ತಿತೆಂದು ಬರೆಯುತ್ತಾರೆ.

ಬೇಸಾಯಶಾಸ್ತ್ರಜ್ಞನಿಗೆ ಈ ಪತ್ರಿಕೆಯಲ್ಲಿ ಎದ್ದು ಕಾಣುವ ಸಂಗತಿ ಒಂದಿದೆ. ಉಳಿದೆಲ್ಲ ಕೃಷಿ ಪತ್ರಿಕೆಗಳು ಎಷ್ಟು ಗೊಬ್ಬರ ಹಾಕಬೇಕೆಂದು ಹೇಳಿದರೆ ಇದು ಮಣ್ಣಿಗೆ ಗೊಬ್ಬರ ಹಾಕಬೇಡಿ ಎನ್ನುತ್ತದೆ. ಕುಂಡಕ್ಕೆ ಫಲವತ್ತಾದ ತೋಟದ ಮಣ್ಣು ಬೇಡ. ಸಾರವಿಲ್ಲದ ಮರಳು ಮತ್ತು ಜೌಗಿನ ಪಾಚಿಗೊಬ್ಬರ ಸಾಕು. ಕೊಳವೆಬಾವಿಯ ಗಡಸು ನೀರು ಬೇಡ. ಮಳೆಯ ನೀರೇ ಆಗಬೇಕು. ಬೇರಿಗೆ ಒಂದು ಹಿಡಿ ಯೂರಿಯಾ ಬಿದ್ದರೆ ಈ ಗಿಡ ಉಳಿಯುವುದಿಲ್ಲ. ನಾವು ಬಂಜರೆಂದು ಕರೆಯುವ ನೆಲವೇ ಇವುಗಳ ಹಸನಾದ ಹೊಲ.

ಇಂಥ ಗಿಡಗಳು ದೂರದೇಶದ ಕೌತುಕಗಳೆಂದು ನಮ್ಮಲ್ಲಿ ಅನೇಕರ ಭಾವನೆ. ಶಾಲೆಯ ಪಾಠದಲ್ಲಿ ಬರುವ ಹೂಜಿ ಗಿಡ ಮೇಘಾಲಯದ ಬೆಟ್ಟಗಳದ್ದು. ಬಾಯಿ ಮುಚ್ಚಿ ನೊಣ ಹಿಡಿಯುವ ಗಿಡ ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಒಂದು ಸಣ್ಣ ಪ್ರದೇಶದ್ದು. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇವುಗಳ ಎರಡು ಬಳಗಗಳಿವೆ. 2001ರಲ್ಲಿ ಪ್ರಕಟವಾದ ಶಿವಮೊಗ್ಗ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದಲ್ಲಿಯೂ ಇವು ಸೇರಿವೆ. ನಾಟಿಯ ಕಾಲದಲ್ಲಿ ಬದುವಿನ ಮೇಲೆ ನಡೆಯುವ ರೈತರು ಇವನ್ನು ಎಷ್ಟೋ ಸಲ ತುಳಿದುಕೊಂಡೇ ಹೋಗಿರುತ್ತಾರೆ.

ಮೊದಲನೆಯ ಬಳಗ ಡ್ರೋಸೆರಾ. ಜಂಬಿಟ್ಟಿಗೆ ನೆಲದಲ್ಲಿ, ನೀರು ಜಿನುಗುವ ಇಳಿಜಾರಿನ ಗಿಡ್ಡ ಹುಲ್ಲಿನ ನಡುವೆ, ಗದ್ದೆಯ ತಲೆಬದುವಿನ ಬುಡದಲ್ಲಿ ಮಳೆ ಹಿಂದಾಗುವ ಹೊತ್ತಿಗೆ ಇದನ್ನು ಹುಡುಕಬೇಕು. ಡ್ರೋಸೆರಾ ಬರ್ಮನೈ ನೆಲಕ್ಕೆ ಅಂಟಿದ ನಾಣ್ಯದಂತೆ ಕೆಂಪಗೆ ಹರಡಿ, ನಡುವಿನಿಂದ ಸಣ್ಣ ಬಿಳಿಯ ಹೂವಿನ ಕಡ್ಡಿಯನ್ನು ಎತ್ತುತ್ತದೆ. ಡ್ರೋಸೆರಾ ಇಂಡಿಕಾ ಗೇಣಿಗಿಂತ ಗಿಡ್ಡ. ಎಲೆಗಳು ದಾರದಂತೆ ಸಪೂರ, ಹೂವು ಸಾಮಾನ್ಯವಾಗಿ ನಸುಗೆಂಪು. ಎರಡರ ಎಲೆಯ ಮೇಲೂ ಕೂದಲಿನಂಥ ಎಳೆಗಳಿದ್ದು, ಪ್ರತಿಯೊಂದರ ತುದಿಯಲ್ಲಿ ಇಬ್ಬನಿಯಂತೆ ಒಂದು ಹನಿ ಹೊಳೆಯುತ್ತದೆ. ಇಬ್ಬನಿಯಾದರೆ ಹತ್ತು ಗಂಟೆಯ ಬಿಸಿಲಿಗೆ ಆರಬೇಕು, ಇದು ಆರುವುದಿಲ್ಲ. ಅದು ಅಂಟು. ಕೂತ ಸಣ್ಣ ನುಸಿ ಏಳಲಾರದು. ಸುತ್ತಲಿನ ಎಳೆಗಳು ಅದರ ಮೇಲೆ ಬಾಗುತ್ತವೆ. ಬರ್ಮನೈ ಜಾತಿಯಲ್ಲಿ ಅಂಚಿನ ಎಳೆಗಳು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ. ಆಮೇಲೆ ಎಲೆಯಿಂದ ಜೀರ್ಣರಸ ಒಸರಿ ಹುಳ ಕರಗುತ್ತದೆ, ಸಿಪ್ಪೆ ಮಾತ್ರ ಉಳಿಯುತ್ತದೆ.

ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಇದೇ ಬಳಗದ ಇಂಗ್ಲೆಂಡಿನ ಗಿಡವೊಂದನ್ನು ಪರೀಕ್ಷಿಸಲು ಆರಂಭಿಸಿ, 1875ರಲ್ಲಿ ಅದರ ಮೇಲೆ ಗ್ರಂಥವನ್ನೇ ಪ್ರಕಟಿಸಿದನು. ಮಾಂಸದ ಚೂರು, ಮೊಟ್ಟೆಯ ಬಿಳಿ, ಹಾಲು ಇಟ್ಟರೆ ಎಳೆಗಳು ಬಾಗಿದವು. ಸಕ್ಕರೆ, ಗಂಜಿ, ಎಣ್ಣೆಗೆ ಅಲುಗಲಿಲ್ಲ. ಗಿಡವು ಸಾರಜನಕವಿದ್ದ ಪದಾರ್ಥವನ್ನು ಗುರುತಿಸಿತ್ತು. ಅವನ ಮಗ ಫ್ರಾನ್ಸಿಸ್ 1878ರಲ್ಲಿ ನಮ್ಮ ಪ್ರಾತ್ಯಕ್ಷಿಕೆ ತಾಕುಗಳಂತೆಯೇ ಗಿಡಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾಂಸ ಕೊಟ್ಟು ಇನ್ನೊಂದಕ್ಕೆ ಕೊಡದೆ ತೂಗಿ ನೋಡಿದನು. ಉಣಿಸಿದ ಪಾಲು ಹೆಚ್ಚು ಬೀಜ ಕಟ್ಟಿತ್ತು. ಮೇಲುಗೊಬ್ಬರದ ಪ್ರಯೋಗವೆಂದರೆ ಇದೇ ತಾನೆ!

ಎರಡನೆಯ ಬಳಗ ಯೂಟ್ರಿಕ್ಯುಲೇರಿಯಾ. ಗುಳ್ಳೆಗಿಡವೆಂದು ಕರೆದರೆ ಸರಿಹೋದೀತು. ಭತ್ತದ ಪೈರನ್ನು ಸುತ್ತಿಕೊಂಡು ನೀಲಿ-ನೇರಳೆ ಹೂ ಬಿಡುವುದು ಒಂದು ಬಗೆ. ಕೆರೆಯಲ್ಲಿ ಮತ್ತು ನೀರು ನಿಂತ ಗದ್ದೆಯಲ್ಲಿ ಪಾಚಿಯ ಜಡೆಯಂತೆ ತೇಲಿ ಹಳದಿ ಹೂವನ್ನು ಮೇಲೆತ್ತುವುದು ಇನ್ನೊಂದು. ಕಾಸರಗೋಡಿನ ಕಡೆಯ ಜಂಬಿಟ್ಟಿಗೆ ಬಯಲುಗಳಲ್ಲಿ ಮಳೆಗಾಲದಲ್ಲಿ ಇವು ನೆಲವನ್ನೇ ನೀಲಿ ಮಾಡುತ್ತವೆ. ಓಣಂ ಹೂವಿನ ರಂಗೋಲಿಗೆ ಅಲ್ಲಿ ‘ಕಾಕ್ಕಪ್ಪೂ’ ಎಂದು ಇದನ್ನು ಬಿಡಿಸಿ ತರುತ್ತಾರೆ.

ಈ ಗಿಡಕ್ಕೆ ಬೇರೇ ಇಲ್ಲ. ಬೇರಿನ ಬದಲು ನೂರಾರು ಗುಳ್ಳೆಗಳು, ಬಹುಪಾಲು ಒಂದೆರಡು ಮಿಲಿಮೀಟರ್ ಗಾತ್ರದವು. ಅವುಗಳ ಕೆಲಸವನ್ನು ತಿಳಿಯಲು ನಮ್ಮ ಪಂಪ್‌ಸೆಟ್ಟನ್ನೇ ನೆನೆಯಬಹುದು. ಗುಳ್ಳೆಯ ಗೋಡೆ ಒಳಗಿನ ನೀರನ್ನು ಬಿಡುವಿಲ್ಲದೆ ಹೊರಕ್ಕೆ ಹಾಕುತ್ತದೆ. ಹೊರಗಿನ ನೀರು ಒಳಬರದಂತೆ ಬಾಯಿಗೆ ಒಂದು ಕದ. ಹೀಗೆ ಒಳಗೆ ಒತ್ತಡ ಇಳಿದು, ಗೋಡೆಗಳು ಊಟವಿಲ್ಲದವನ ಕೆನ್ನೆಯಂತೆ ಒಳಸೇರುತ್ತವೆ. ಕದದ ಮೇಲಿನ ಕೂದಲಿಗೆ ನೀರುಚಿಗಟವೊಂದು ತಗುಲಿದರೆ ಸಾಕು, ಕದ ಒಳಕ್ಕೆ ಬಗ್ಗಿ ನೀರಿನೊಂದಿಗೆ ಅದೂ ಒಳಗೆ ಸೆಳೆಯಲ್ಪಡುತ್ತದೆ. ಇಷ್ಟಕ್ಕೂ ಹಿಡಿಯುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯೆಂದು ಅತಿವೇಗದ ಕ್ಯಾಮೆರಾ ಬಳಸಿ 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸುಮಾರು ಅರ್ಧ ಗಂಟೆಯಲ್ಲಿ ಗುಳ್ಳೆ ಮತ್ತೆ ಸಿದ್ಧ. ನೋಡಬೇಕೆನ್ನುವವರು ಒಂದು ಎಳೆಯನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಹರಡಿ ಭೂತಗನ್ನಡಿ ಹಿಡಿಯಲಿ. ಕಪ್ಪಗಾದ ಗುಳ್ಳೆ ಸಾಮಾನ್ಯವಾಗಿ ಉಂಡ ಗುಳ್ಳೆ.

ಇಷ್ಟೆಲ್ಲ ಪಾಡು ಏಕೆ? ಉತ್ತರ ಮಣ್ಣಿನಲ್ಲಿದೆ. ಸಾವಿರಾರು ವರ್ಷಗಳ ಮಳೆ ಕಲ್ಲಿನಲ್ಲಿದ್ದ ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂಗಳನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಮಾತ್ರ ಬಿಟ್ಟುಹೋದ ನೆಲವೇ ಜಂಬಿಟ್ಟಿಗೆ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಿಂದ ಭದ್ರಾವತಿಯ ಕುಲುಮೆಗಳು ಯಾವ ಲೋಹವನ್ನು ತೆಗೆದವೋ ಅದೇ ಲೋಹ ನಮ್ಮ ಗದ್ದೆಯಲ್ಲಿ ರಂಜಕವನ್ನು ಹಿಡಿದು ಬಿಗಿಯುತ್ತದೆ. ಸಾರಜನಕ ಮಳೆಯೊಡನೆ ಇಳಿದುಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಮಣ್ಣು ಕೊಡದ ಸಾರಜನಕವನ್ನೂ ರಂಜಕವನ್ನೂ ಡ್ರೋಸೆರಾ ಗಾಳಿಯಲ್ಲಿ ಹಾರುವ ನುಸಿಯಿಂದ, ಗುಳ್ಳೆಗಿಡ ನೀರಿನ ಹುಳದಿಂದ ಪಡೆಯುತ್ತವೆ. ಅಂಟು ಸುರಿಸುವ ಎಲೆ, ನೀರೆತ್ತುವ ಗುಳ್ಳೆ ಗಿಡಕ್ಕೆ ದುಬಾರಿ ಉಪಕರಣಗಳು; ಮಣ್ಣಿನಲ್ಲಿ ಸಾರವಿದ್ದ ಕಡೆ ಈ ಖರ್ಚು ಗಿಟ್ಟುವುದಿಲ್ಲ. ಸಾರ ಸಿಕ್ಕ ಕೂಡಲೇ ಹುಲ್ಲು, ಜೇಕು ಎತ್ತರಕ್ಕೆ ಬೆಳೆದು ಬಿಸಿಲನ್ನು ತಡೆಯುತ್ತವೆ, ನೆಲಕ್ಕಂಟಿದ ಡ್ರೋಸೆರಾ ನೆರಳಿನಲ್ಲಿ ಸಾಯುತ್ತದೆ.

ಆದುದರಿಂದ ಡ್ರೋಸೆರಾ ಎದ್ದ ಜಾಗ ಒಂದು ಮಣ್ಣು ಪರೀಕ್ಷಾ ವರದಿಯಂತೆಯೇ ಸರಿ: ಹುಳಿ, ಬಡತನ, ಜಿನುಗು ನೀರು. ಅಂಕಿಸಂಖ್ಯೆ ಬೇಕಾದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಆದರೆ ಎಲ್ಲಿಂದ ಮಾದರಿಯನ್ನು ಪ್ರತ್ಯೇಕವಾಗಿ ತೆಗೆಯಬೇಕೆಂಬುದನ್ನು ಗಿಡ ತೋರಿಸಿಕೊಡುತ್ತದೆ. ಅದರ ಕೆಳಗಿನ ಮಡಿಯಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ತೆರೆ ಕಂಡರೆ ಕಡ್ಡಿಯಿಂದ ಕಲಕಿ ನೋಡಿ. ಚೂರುಚೂರಾಗಿ ಒಡೆದರೆ ಅದು ಕಬ್ಬಿಣದ್ದು. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಅಂಥ ಮಡಿಯಲ್ಲಿ ಭತ್ತದ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆಗಳು ಬಂದರೆ ರೋಗವೆಂದು ಔಷಧಿ ಹೊಡೆಯುವ ಮುನ್ನ ಕಬ್ಬಿಣದ ನಂಜನ್ನು ಸಂಶಯಿಸಬೇಕು. ಜಿನುಗು ನೀರನ್ನು ಬಸಿಗಾಲುವೆಯಿಂದ ಬೇರೆ ದಾರಿಗೆ ತಿರುಗಿಸುವುದು, ಪರೀಕ್ಷೆಯಂತೆ ಸುಣ್ಣವನ್ನು ನಾಟಿಗೆ ಎರಡು ಮೂರು ವಾರ ಮೊದಲೇ ಸೇರಿಸುವುದು, ರಂಜಕವನ್ನು ಶಿಲಾರಂಜಕದ ರೂಪದಲ್ಲಿ ಕೊಡುವುದು ಇವೇ ಮದ್ದು. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬಾರದು.

ರೈತರಿಂದ ಬರುವ ಕೆಲವು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರಿಸುವುದು ಒಳ್ಳೆಯದು. ಈ ಗಿಡಗಳಿಂದ ದನಕರುಗಳಿಗಾಗಲಿ ಮಕ್ಕಳಿಗಾಗಲಿ ಭಯವಿಲ್ಲ. ಇವು ಹಿಡಿಯುವುದು ನುಸಿಯನ್ನು. ಕೀಟನಾಶಕದ ಬದಲಿಗೆ ಬೆಳೆಸಬಹುದೇ? ಆಗದು. ಗದ್ದೆಯಲ್ಲಿ ಕಂದು ಜಿಗಿಹುಳು ಎದ್ದಾಗ ಈ ಗಿಡಗಳಿಂದ ಆಗುವ ಸಹಾಯ ಏನೂ ಇಲ್ಲ. ತೇಲುವ ಗುಳ್ಳೆಗಿಡ ಸೊಳ್ಳೆಯ ಎಳೆ ಮರಿಗಳನ್ನು ನುಂಗುವುದು ನಿಜ. ಊರಿನ ಸೊಳ್ಳೆಯನ್ನು ಅದು ನೀಗುವುದಿಲ್ಲ. ಎಳೆಯ ಪೈರಿನ ನಡುವೆ ತೇಲುವ ಬಗೆ ದಟ್ಟವಾದರೆ ಕೈಯಿಂದ ಬಳಿದು ಬದುವಿಗೆ ಹಾಕಿ, ಕಳೆನಾಶಕದ ಖರ್ಚು ಬೇಡ.

ಇನ್ನು ಮುಖ್ಯವಾದ ಪ್ರಶ್ನೆ: ಇಂಥ ಜಾಗವನ್ನು ಹಸನು ಮಾಡಿ ಅಡಿಕೆ ಹಾಕಬಹುದೇ? ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳಲ್ಲಿ ಗದ್ದೆಗಳು ತೋಟಗಳಾಗುತ್ತಿರುವ ಈ ಕಾಲದಲ್ಲಿ ಮೇಲಂಚಿನ ಜಿನುಗು ತುಂಡನ್ನೂ ಬಿಡಬಾರದೆಂಬ ಆಸೆ ಸಹಜ. ಲೆಕ್ಕ ಹಾಕಿ ನೋಡೋಣ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕಾಂಪೋಸ್ಟ್ ಶಿಫಾರಸು. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಮರ; ಅಂದರೆ 55 ಕಿಲೋ ಸಾರಜನಕ, 45 ಕಿಲೋ ತೂಕದ ಎರಡು ಮುಕ್ಕಾಲು ಚೀಲದಷ್ಟು ಯೂರಿಯಾ. ತೊಳೆದುಹೋಗುವ ನೆಲದಲ್ಲಿ ಅದರ ದೊಡ್ಡ ಪಾಲು ಬೇರಿಗೆ ಸಿಗುವ ಮೊದಲೇ ಹಳ್ಳ ಸೇರುತ್ತದೆ. ಅಡಿಕೆಯ ಬೇರು ನಿಂತ ನೀರನ್ನು ಸಹಿಸದು. ಆಳವಾದ ಬಸಿಗಾಲುವೆ, ಹೊರಗಿನಿಂದ ಹೊತ್ತು ತಂದ ಗೋಡುಮಣ್ಣು ಬೇಕೇ ಬೇಕು. ಅಷ್ಟು ಹಣವನ್ನು ಕೆಳಗಿನ ಒಳ್ಳೆಯ ಮಣ್ಣಿನ ಗದ್ದೆಗೆ ಹಾಕಿದರೆ ಫಲ ನಿಶ್ಚಿತ. ಹತ್ತು ಗುಂಟೆಯ ಆ ತುಂಡನ್ನು ದನ ಮೇಯಲು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಮೇಯುವ ದನ ಡ್ರೋಸೆರಾಕ್ಕೆ ವೈರಿಯಲ್ಲ. ಎತ್ತರದ ಹುಲ್ಲನ್ನು ತಗ್ಗಿಸಿ ಅದಕ್ಕೆ ಬಿಸಿಲು ಕೊಡುತ್ತದೆ.

ಗೋಮಾಳ ಮತ್ತು ಹುಲ್ಲುಗುಡ್ಡಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಭದ್ರಾವತಿಯ ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಅದರ ಸಲುವಾಗಿ 1980ರ ದಶಕದಿಂದ ಜಿಲ್ಲೆಯಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳು ಎದ್ದವು. ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತ ಮೇಲೂ ತೋಪುಗಳು ಉಳಿದವು. ದಟ್ಟವಾದ ಅಕೇಶಿಯಾದ ನೆರಳಿನಲ್ಲಿ, ಬಿದ್ದ ಎಲೆಯ ಹಾಸಿನ ಕೆಳಗೆ ಡ್ರೋಸೆರಾ ಹುಟ್ಟುವುದಿಲ್ಲ. ಶಿವಮೊಗ್ಗ ನಗರದ ಅಂಚಿನ ಜಂಬಿಟ್ಟಿಗೆ ದಿನ್ನೆಗಳು ನಿವೇಶನಗಳಾಗಿ ಸಮತಟ್ಟಾಗುತ್ತಿರುವುದು ಕಣ್ಣೆದುರಿಗಿದೆ. ಹುಲಿಗೆ, ಆನೆಗೆ ಮರುಗುವವರುಂಟು. ನಾಣ್ಯದಗಲದ ಗಿಡಕ್ಕೆ ಮರುಗುವವರು ಕಡಿಮೆ.

ಆಸಕ್ತಿಯೂ ಕೆಲವೊಮ್ಮೆ ಗಿಡಕ್ಕೆ ಮುಳುವಾಗುತ್ತದೆ. ಕೆರೊಲಿನಾದ ನೊಣಹಿಡಿಯುವ ಗಿಡವನ್ನು ಮಾರಾಟಕ್ಕಾಗಿ ಕಿತ್ತುಕಿತ್ತು, 2014ರಲ್ಲಿ ಉತ್ತರ ಕೆರೊಲಿನಾ ರಾಜ್ಯವು ಆ ಕಳವನ್ನು ಘೋರ ಅಪರಾಧವೆಂದು ಕಾನೂನು ಮಾಡಬೇಕಾಯಿತು. ಮೇಘಾಲಯದ ಹೂಜಿ ಗಿಡದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುನಿಟ್ಟಾದ ತಡೆಯಿದೆ. ಮೇಲೆ ಹೇಳಿದ ಪತ್ರಿಕೆಯ ಸಂಘವು ಈ ಸಮಸ್ಯೆಗೆ ಕಂಡುಕೊಂಡ ದಾರಿ ರೈತರಿಗೆ ಪರಿಚಿತವಾದುದೇ: ಬೀಜ ಭಂಡಾರ. ಸದಸ್ಯರು ತಾವು ಬೆಳೆಸಿದ ಗಿಡದ ಬೀಜವನ್ನು ಭಂಡಾರಕ್ಕೆ ಕಳಿಸುತ್ತಾರೆ, ಬೇಕಾದವರು ಅಲ್ಲಿಂದ ಪಡೆಯುತ್ತಾರೆ. ಕಾಡಿನ ಗಿಡದ ಮೇಲೆ ಕೈಹಾಕುವ ಅಗತ್ಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ನಮ್ಮ ಡ್ರೋಸೆರಾಗಳು ಬೀಜದಿಂದ ಹುಟ್ಟಿ ಮಳೆ ಮುಗಿದ ಮೇಲೆ ಒಣಗುವಂಥವು. ಹೂವಿರುವಾಗಲೇ ಕಿತ್ತರೆ ಮುಂದಿನ ವರ್ಷದ ಸಂತತಿಯನ್ನು ಕಿತ್ತಂತೆ. ಕಿತ್ತು ತಂದು ಮನೆಯ ಕುಂಡದ ಗೊಬ್ಬರದ ಮಣ್ಣಿನಲ್ಲಿ ನೆಟ್ಟರೂ ಬದುಕುವುದಿಲ್ಲ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಬದುವಿನ ಮೇಲೆ ಹೋಗುವಾಗ ಕಂಡರೆ ಊರಿನ ಹೆಸರು, ಸರ್ವೆ ನಂಬರು, ದಿನಾಂಕ, ಹೂವಿನ ಬಣ್ಣ ಇಷ್ಟನ್ನು ಬರೆದಿಟ್ಟು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕಾಗಲಿ ತೋರಿಸಬಹುದು. ಅದೇ ಜಾಗದಿಂದ ಅರ್ಧ ಕಿಲೋ ಮಣ್ಣನ್ನು ಬೇರೆಯಾಗಿ ಕಟ್ಟಿ, ಉಳಿದ ಗದ್ದೆಯ ಮಾದರಿಯೊಂದಿಗೆ ಬೆರೆಸದೆ ಪರೀಕ್ಷೆಗೆ ಕಳಿಸಿ.